ಯುರೋಪಿನಲ್ಲಿ ಮೊದಲ ಮೋಟರ್‌ಹೋಮ್ ಪ್ರವಾಸ: ಮೊದಲು ವಾಹನ, ಆಮೇಲೆ ನಕ್ಷೆ

ಯುರೋಪಿಗೆ ಹೊರಡುವವರು ಸಾಮಾನ್ಯವಾಗಿ ಪ್ಯಾರಿಸ್, ಪ್ರಾಗ್, ವೆನಿಸ್, ಇಂಟರ್‌ಲಾಕನ್ ಎಂದು ಊರುಗಳ ಪಟ್ಟಿ ಮಾಡಿ, ಅವುಗಳ ನಡುವೆ ಗೆರೆ ಎಳೆದು, ಕೊನೆಯಲ್ಲಿ ಆ ಗೆರೆಯ ಮೇಲೆ ಓಡಿಸಲು ವಾಹನ ಹುಡುಕುತ್ತಾರೆ. ರೈಲಿನಲ್ಲೋ ಬಾಡಿಗೆ ಕಾರಿನಲ್ಲೋ ಸುತ್ತುವವರಿಗೆ ಈ ಕ್ರಮ ಸರಿಹೋಗುತ್ತದೆ. ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲವನ್ನೂ ಹೊತ್ತು ಓಡುವ ಮೋಟರ್‌ಹೋಮ್‌ಗೆ ಸರಿಹೋಗುವುದಿಲ್ಲ. ಯಾವ ರಸ್ತೆಯಲ್ಲಿ ಹೋಗಬಹುದು, ಯಾವ ಊರಿನೊಳಗೆ ಹೋಗಬಾರದು, ರಾತ್ರಿ ಎಲ್ಲಿ ನಿಲ್ಲಬಹುದು, ಎಷ್ಟು ಸಾಮಾನು ಹೊರಬಹುದು ಎಂಬುದನ್ನೆಲ್ಲ ವಾಹನದ ಉದ್ದ, ಎತ್ತರ ಮತ್ತು ತೂಕಗಳೇ ತೀರ್ಮಾನಿಸುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ವಾಹನವನ್ನು ಮೊದಲು ಇಟ್ಟುಕೊಂಡು, ಮಾರ್ಗವನ್ನು ಅದಕ್ಕೆ ಹೊಂದಿಸಲಾಗಿದೆ.

ಮಾತು ಗಾಳಿಯಲ್ಲಿ ಉಳಿಯಬಾರದೆಂದು ಒಂದು ನಿರ್ದಿಷ್ಟ ಉದಾಹರಣೆಯನ್ನು ತೆಗೆದುಕೊಳ್ಳುತ್ತೇನೆ: ಕರ್ನಾಟಕದಿಂದ ಹೋಗುವ ನಾಲ್ವರ ಕುಟುಂಬ, ಜರ್ಮನಿಯ ಮ್ಯೂನಿಕ್‌ನಲ್ಲಿ ಬಾಡಿಗೆಗೆ ಪಡೆಯುವ ವಾಹನ, ಆಸ್ಟ್ರಿಯಾ ಹಾಗೂ ಉತ್ತರ ಇಟಲಿಯನ್ನು ಸುತ್ತಿ ಮತ್ತೆ ಮ್ಯೂನಿಕ್‌ಗೆ ಮರಳುವ ಹದಿನಾಲ್ಕು ರಾತ್ರಿಗಳ ಮಾರ್ಗ. ಖರ್ಚಿನ ವಿಷಯವನ್ನು ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು. ಇಬ್ಬರೇ ಹೋಗುವುದಾದರೆ ಸಣ್ಣ ಕಾರು ಮತ್ತು ಸಾಧಾರಣ ಹೋಟೆಲುಗಳಿಗಿಂತ ಮೋಟರ್‌ಹೋಮ್ ಅಗ್ಗವೇನಲ್ಲ. ಹಲವು ಬಾರಿ ದುಬಾರಿಯೇ ಆಗುತ್ತದೆ. ನಾಲ್ವರಿದ್ದು, ಅಡುಗೆಯನ್ನು ತಾವೇ ಮಾಡಿಕೊಳ್ಳುವವರಾಗಿದ್ದರೆ, ಅದರಲ್ಲೂ ಸಸ್ಯಾಹಾರಿಗಳಾಗಿದ್ದರೆ, ಲೆಕ್ಕ ಅವರ ಕಡೆಗೆ ವಾಲುತ್ತದೆ.

ಮೊದಲ ಹಂತ: ಕಾಲವನ್ನು ಗೊತ್ತುಮಾಡುವುದು

ಆಲ್ಪ್ಸ್ ಪ್ರದೇಶಕ್ಕೆ ಮೊದಲ ಬಾರಿ ಹೋಗುವವರಿಗೆ ಜೂನ್ ತಿಂಗಳ ದ್ವಿತೀಯಾರ್ಧ ಮತ್ತು ಸೆಪ್ಟೆಂಬರ್ ತಿಂಗಳ ಮೊದಲ ಭಾಗ ಅತ್ಯಂತ ಅನುಕೂಲಕರ. ಜುಲೈ ಮತ್ತು ಆಗಸ್ಟ್‌ನಲ್ಲಿ ಬಾಡಿಗೆ ಏರುತ್ತದೆ, ಕ್ಯಾಂಪ್‌ಸೈಟ್‌ಗಳು ತುಂಬಿರುತ್ತವೆ. ಆಗಸ್ಟ್ 15ರ ಆಸುಪಾಸಿನಲ್ಲಂತೂ ಇಡೀ ಇಟಲಿಯೇ ರಜೆಯಲ್ಲಿರುತ್ತದೆ. ಕ್ಯಾಲೆಂಡರಿನಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳದ ಎರಡು ಸಂಗತಿಗಳೂ ಇವೆ. ಕ್ರೈಸ್ತರ ಪೆಂಟೆಕಾಸ್ಟ್ ಹಬ್ಬದ ಸಮಯದಲ್ಲಿ, ಎಂದರೆ ಮೇ ಕೊನೆಯಿಂದ ಜೂನ್ ಮೊದಲ ಭಾಗದ ನಡುವೆ, ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಶಾಲೆಗಳಿಗೆ ಎರಡು ವಾರ ರಜೆ ಇರುತ್ತದೆ. ಆಗ ಮ್ಯೂನಿಕ್‌ನ ಅರ್ಧ ಜನ ಇಟಲಿಯ ಗಾರ್ಡಾ ಸರೋವರದ ದಡದಲ್ಲಿಯೇ ಇರುತ್ತಾರೆ ಎಂದರೆ ತಪ್ಪಾಗದು. ಸೆಪ್ಟೆಂಬರ್ ಮೂರನೆಯ ವಾರದ ಹೊತ್ತಿಗೆ ಮ್ಯೂನಿಕ್‌ನಲ್ಲಿ ಅಕ್ಟೋಬರ್‌ಫೆಸ್ಟ್ ಬಿಯರ್ ಉತ್ಸವ ಆರಂಭವಾಗಿ ನಗರದ ಹೋಟೆಲು ಮತ್ತು ಕ್ಯಾಂಪ್‌ಸೈಟ್‌ಗಳ ದರ ಕೈಗೆಟುಕದಂತಾಗುತ್ತದೆ.

ನಮ್ಮ ಶಾಲೆಗಳ ಬೇಸಿಗೆ ರಜೆಗೆ ಹೊಂದಿಸಿಕೊಳ್ಳಬೇಕಾದವರು ಏಪ್ರಿಲ್ ಬಿಟ್ಟು ಮೇ ತಿಂಗಳನ್ನು ಆರಿಸಿಕೊಳ್ಳಬೇಕು. ಏಪ್ರಿಲ್‌ನಲ್ಲಿ ಎತ್ತರದ ಕಣಿವೆದಾರಿಗಳು ಇನ್ನೂ ಹಿಮದಿಂದ ಮುಚ್ಚಿರುತ್ತವೆ. ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ಪರ್ವತರಸ್ತೆ ಸಾಮಾನ್ಯವಾಗಿ ಮೇ ಆರಂಭದಲ್ಲಿ ತೆರೆದು ನವೆಂಬರ್ ಆರಂಭದಲ್ಲಿ ಮುಚ್ಚುತ್ತದೆ. ದಸರಾ ರಜೆಯಲ್ಲಿ ಹೋಗುವುದಾದರೆ ಹಗಲು ಚಿಕ್ಕದು ಮತ್ತು ರಾತ್ರಿ ಚಳಿ ಎಂಬುದನ್ನು ಒಪ್ಪಿಕೊಂಡು ಹೋಗಬೇಕು.

ಎರಡನೆಯ ಹಂತ: ವಾಹನದ ಆಯ್ಕೆ

ಬಾಡಿಗೆಗೆ ಸಿಗುವ ವಾಹನಗಳಲ್ಲಿ ಮೂರು ಬಗೆಗಳು ಮುಖ್ಯ. ಮೊದಲನೆಯದು ಕ್ಯಾಂಪರ್‌ವ್ಯಾನ್: ಫಿಯೆಟ್ ಡುಕಾಟೊದಂಥ ಸರಕು ವ್ಯಾನಿನ ಒಡಲಲ್ಲೇ ಮನೆ ಕೂಡಿಸಿದ್ದು, ಸುಮಾರು 6 ಮೀಟರ್ ಉದ್ದ, ಕನ್ನಡಿ ಬಿಟ್ಟು 2.05 ಮೀಟರ್ ಅಗಲ. ಎರಡನೆಯದು ಸೆಮಿ-ಇಂಟಿಗ್ರೇಟೆಡ್: ಚಾಲಕನ ಕ್ಯಾಬಿನ್ ವ್ಯಾನಿನದು, ಹಿಂಭಾಗ ಪ್ರತ್ಯೇಕವಾಗಿ ಕಟ್ಟಿದ ಪೆಟ್ಟಿಗೆ, ಸುಮಾರು 7 ಮೀಟರ್ ಉದ್ದ, 2.3 ಮೀಟರ್ ಅಗಲ. ಮೂರನೆಯದು ಆಲ್ಕೋವ್: ಚಾಲಕನ ತಲೆಯ ಮೇಲೆ ಗೂಡಿನಂತೆ ಇನ್ನೊಂದು ಡಬಲ್ ಹಾಸಿಗೆ ಇರುವಂಥದ್ದು, ಎತ್ತರ ಸಾಮಾನ್ಯವಾಗಿ 3 ಮೀಟರ್ ದಾಟುತ್ತದೆ. ಇಬ್ಬರಿಗೆ ಕ್ಯಾಂಪರ್‌ವ್ಯಾನ್ ಸಾಕು, ಮತ್ತು ಓಡಿಸಲು ಅದೇ ಅತ್ಯಂತ ಸುಲಭ. ಇಬ್ಬರು ಮಕ್ಕಳಿರುವ ಕುಟುಂಬಕ್ಕೆ ಆಲ್ಕೋವ್ ಹೆಚ್ಚು ಸೂಕ್ತ, ಏಕೆಂದರೆ ಮಕ್ಕಳ ಹಾಸಿಗೆಯನ್ನು ಪ್ರತಿದಿನ ಮಡಚಿ ಬಿಚ್ಚುವ ಕೆಲಸ ಇರುವುದಿಲ್ಲ. ಮಳೆ ಬಂದ ಸಂಜೆ ಊಟದ ಮೇಜನ್ನೇ ಹಾಸಿಗೆ ಮಾಡಬೇಕಾದವರಿಗೆ ಈ ಸೌಲಭ್ಯದ ಬೆಲೆ ತಿಳಿಯುತ್ತದೆ.

ಜಾಹೀರಾತಿನಲ್ಲಿ ‘ಆರು ಜನರಿಗೆ’ ಎಂದಿದ್ದರೆ ಅದು ಮಲಗುವ ಜಾಗದ ಲೆಕ್ಕವೋ ಸೀಟ್‌ಬೆಲ್ಟ್ ಇರುವ ಆಸನಗಳ ಲೆಕ್ಕವೋ ಎಂದು ಕೇಳಿ ತಿಳಿದುಕೊಳ್ಳಬೇಕು. ಇವೆರಡೂ ಬೇರೆ ಬೇರೆ. ಓಡುವಾಗ ಪ್ರತಿಯೊಬ್ಬರೂ ಬೆಲ್ಟ್ ಇರುವ ಆಸನದಲ್ಲೇ ಕುಳಿತಿರಬೇಕು, ಹಿಂದಿನ ಹಾಸಿಗೆಯಲ್ಲಿ ಅಜ್ಜಿ ಮಲಗಿಕೊಂಡು ಬರುವುದಕ್ಕೆ ಅವಕಾಶವಿಲ್ಲ. 150 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಕ್ಕಳಿಗೆ ಮಕ್ಕಳ ಆಸನ ಬೇಕು ಎಂದೇ ಲೆಕ್ಕ ಹಾಕಿಕೊಂಡರೆ ಈ ಮೂರೂ ದೇಶಗಳಲ್ಲಿ ತೊಂದರೆ ಬರುವುದಿಲ್ಲ.

ಇನ್ನು ತೂಕದ ವಿಷಯ. ಯುರೋಪಿನಲ್ಲಿ ಸಾಮಾನ್ಯ ಕಾರಿನ ಪರವಾನಗಿಯ ಮಿತಿ 3,500 ಕಿಲೋ. ಹೆಚ್ಚಿನ ಬಾಡಿಗೆ ವಾಹನಗಳ ಗರಿಷ್ಠ ತೂಕವನ್ನು ಈ ಗಡಿಗೇ ನಿಗದಿ ಮಾಡಿರುತ್ತಾರೆ. ನಮ್ಮ ಎಲ್‌ಎಂವಿ ಪರವಾನಗಿ ಭಾರತದಲ್ಲಿ ಇದಕ್ಕಿಂತ ಭಾರವಾದ ವಾಹನಗಳಿಗೂ ನಡೆಯುತ್ತದೆಯಾದರೂ ಅಲ್ಲಿ 3,500 ಕಿಲೋಗೇ ನಿಲ್ಲುವುದು ಕ್ಷೇಮ. ಈಗ ಒಂದು ಲೆಕ್ಕ ಮಾಡಿ ನೋಡೋಣ. ಓಡಲು ಸಿದ್ಧವಾದ ವಾಹನದ ತೂಕ, ಚಾಲಕನನ್ನೂ ಟ್ಯಾಂಕಿನ 20 ಲೀಟರ್ ನೀರನ್ನೂ ಸೇರಿಸಿ, 3,050 ಕಿಲೋ ಎಂದುಕೊಳ್ಳಿ. ಉಳಿಯುವುದು 450. ಉಳಿದ ಮೂವರು ಪ್ರಯಾಣಿಕರಿಗೆ 200 ಕಿಲೋ, ಉಳಿಕೆ 250. ಬಿಸಿಲುಚಪ್ಪರ, ಸೈಕಲ್ ಸ್ಟ್ಯಾಂಡ್, ಹೊರಗಿನ ಮೇಜು ಕುರ್ಚಿಗಳಿಗೆ 70, ಉಳಿಕೆ 180. ವಿಮಾನದಲ್ಲಿ ತಂದ 23 ಕಿಲೋದ ನಾಲ್ಕು ಸೂಟ್‌ಕೇಸುಗಳಿಗೆ 92, ಉಳಿಕೆ 88. ನೀರಿನ ಟ್ಯಾಂಕಿಗೆ ಇನ್ನೂ 80 ಲೀಟರ್ ತುಂಬಿಸಿದರೆ ಉಳಿಯುವುದು 8 ಕಿಲೋ. ಅಕ್ಕಿ, ಬೇಳೆ, ತರಕಾರಿಗಳ ಲೆಕ್ಕ ಇನ್ನೂ ಬಂದೇ ಇಲ್ಲ! ಆದ್ದರಿಂದ ಓಡುವಾಗ ಟ್ಯಾಂಕಿನಲ್ಲಿ 20 ಲೀಟರ್ ನೀರು ಮಾತ್ರ ಇಟ್ಟುಕೊಂಡು, ಕ್ಯಾಂಪ್‌ಸೈಟ್ ತಲುಪಿದ ಮೇಲೆ ತುಂಬಿಸಿಕೊಳ್ಳುವುದು ಅಲ್ಲಿನವರ ರೂಢಿ. ಹೆಚ್ಚು ಭಾರ ಹೊತ್ತ ವಾಹನವನ್ನು ಪೊಲೀಸರು ರಸ್ತೆಬದಿಯಲ್ಲಿ ತೂಗಿ ದಂಡ ಹಾಕುವುದು ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್‌ಗಳಲ್ಲಿ ಅಪರೂಪವೇನಲ್ಲ. ಗಟ್ಟಿ ಸೂಟ್‌ಕೇಸುಗಳ ಬದಲು ಮಡಚಿಡಬಹುದಾದ ಬಟ್ಟೆಯ ಚೀಲಗಳನ್ನು ಒಯ್ಯಬೇಕು. ಖಾಲಿ ಸೂಟ್‌ಕೇಸನ್ನು ಇಡಲು ಮೋಟರ್‌ಹೋಮ್‌ನಲ್ಲಿ ಜಾಗವೇ ಇರುವುದಿಲ್ಲ. ಅವುಗಳನ್ನು ವಾಹನ ಹಿಂತಿರುಗಿಸುವವರೆಗೆ ತಮ್ಮಲ್ಲಿ ಇಟ್ಟುಕೊಳ್ಳುವ ಬಾಡಿಗೆ ಕಚೇರಿಗಳೂ ಇವೆ, ಮೊದಲೇ ಕೇಳಬೇಕು.

ಗೇರ್ ಮ್ಯಾನುಯಲ್ ಆದರೆ ಬಾಡಿಗೆ ಕಡಿಮೆ. ಆದರೂ ಎಡಬದಿಯಲ್ಲಿ ಸ್ಟಿಯರಿಂಗ್, ಬಲಗೈಯಲ್ಲಿ ಗೇರ್, ಬಲಬದಿಯ ಸಂಚಾರ ಎಂಬ ಮೂರು ಹೊಸತುಗಳ ಜೊತೆಗೆ 7 ಮೀಟರ್ ಉದ್ದದ ವಾಹನವೂ ಸೇರುವುದರಿಂದ, ಮೊದಲ ಪ್ರವಾಸಕ್ಕೆ ಆಟೊಮ್ಯಾಟಿಕ್‌ಗೆ ಹೆಚ್ಚು ಹಣ ಕೊಡುವುದು ದಂಡವಲ್ಲ.

ಮೂರನೆಯ ಹಂತ: ಮಾರ್ಗ

ಮೊದಲ ಪ್ರವಾಸಕ್ಕೆ ದಿನವೊಂದಕ್ಕೆ 150 ಕಿಲೋಮೀಟರ್‌ಗಿಂತ ಹೆಚ್ಚು ಇಟ್ಟುಕೊಳ್ಳಬಾರದು, ಮತ್ತು ಪ್ರತಿ ಎರಡು ಮೂರು ದಿನಗಳಿಗೊಮ್ಮೆ ವಾಹನ ಅಲುಗಾಡದ ದಿನವೊಂದಿರಬೇಕು. ವಾಪಸಾಗುವಾಗ ಇಟಲಿ-ಆಸ್ಟ್ರಿಯಾ ಗಡಿಯ ಬ್ರೆನ್ನರ್ ಕಣಿವೆದಾರಿಯ ಮೂಲಕ ಹೆದ್ದಾರಿಯಲ್ಲೇ ಬರುವ ಒಂದು ದಿನ ಮಾತ್ರ ಇದಕ್ಕೆ ಹೊರತು. ನಕ್ಷೆಯ ಆ್ಯಪ್ ಕಾರಿಗೆಂದು ತೋರಿಸುವ ಸಮಯಕ್ಕೆ ಬೆಟ್ಟದ ರಸ್ತೆಯಲ್ಲಿ ಅರ್ಧದಷ್ಟು ಸೇರಿಸಿಕೊಂಡರೆ ವಾಸ್ತವಕ್ಕೆ ಹತ್ತಿರವಾಗುತ್ತದೆ.

ಈ ನಿಯಮಕ್ಕೆ ಹೊಂದುವ ಮಾರ್ಗ ಹೀಗಿರಬಹುದು. ವಿಮಾನ ಇಳಿದ ದಿನ ಮ್ಯೂನಿಕ್ ಹೋಟೆಲಿನಲ್ಲಿ ಒಂದು ರಾತ್ರಿ; ನಿದ್ದೆಗೆಟ್ಟ ಕಣ್ಣಿನಲ್ಲಿ ಅಪರಿಚಿತ ವಾಹನವನ್ನು ಹೆದ್ದಾರಿಗೆ ಇಳಿಸುವುದು ಅಪಾಯ. ಮರುದಿನ ವಾಹನ ಪಡೆದು ಜರ್ಮನಿಯದೇ ಆದ ಬರ್ಕ್ಟೆಸ್‌ಗಾಡನ್‌ನಲ್ಲಿ ಎರಡು ರಾತ್ರಿ. ಅಲ್ಲಿಂದ ಕೋನಿಗ್ಸೀ ಸರೋವರವನ್ನು ನೋಡಿ, ಸಾಲ್ಜ್‌ಬರ್ಗ್‌ಗೆ ಬಸ್ಸಿನಲ್ಲೇ ಹೋಗಿ ಬರಬಹುದು. ಬಳಿಕ ಆಸ್ಟ್ರಿಯಾದ ಝೆಲ್ ಆಮ್ ಸೀಯಲ್ಲಿ ಒಂದು ರಾತ್ರಿ, ಗ್ರೋಸ್‌ಗ್ಲಾಕ್ನರ್ ರಸ್ತೆಯನ್ನು ದಾಟಿ ಲೀನ್ಸ್‌ನಲ್ಲಿ ಒಂದು ರಾತ್ರಿ. ಇಟಲಿಯ ಟೋಬ್ಲಾಕ್‌ನಲ್ಲಿ ಎರಡು ರಾತ್ರಿ ನಿಂತು ಡೋಲೊಮೈಟ್ ಪರ್ವತಗಳನ್ನು ಬಸ್ಸು ಮತ್ತು ಕಾಲ್ನಡಿಗೆಯಲ್ಲಿ ನೋಡುವುದು. ಟೋಬ್ಲಾಕ್ ಇರುವ ದಕ್ಷಿಣ ಟಿರೋಲ್ ಪ್ರಾಂತ್ಯದ ಅನೇಕ ಕ್ಯಾಂಪ್‌ಸೈಟ್‌ಗಳು ತಮ್ಮಲ್ಲಿ ತಂಗುವವರಿಗೆ ಸ್ಥಳೀಯ ಬಸ್ಸು ರೈಲುಗಳ ಉಚಿತ ಪಾಸ್ ಕೊಡುತ್ತವೆ. ಹೆಸರಾಂತ ಪ್ರಾಗ್ಸ್ ಸರೋವರಕ್ಕೆ ಬೇಸಿಗೆಯ ದಟ್ಟಣೆಯ ವಾರಗಳಲ್ಲಿ ಸ್ವಂತ ವಾಹನದಲ್ಲಿ ಹೋಗಲು ಮುಂಗಡ ನೋಂದಣಿ ಬೇಕು ಎಂಬುದು ನೆನಪಿರಲಿ. ಅನಂತರ ಬೋಲ್ಜಾನೊ ಬಳಿ ಒಂದು ರಾತ್ರಿ, ಗಾರ್ಡಾ ಸರೋವರದ ದಕ್ಷಿಣ ತುದಿಯ ಪೆಸ್ಕಿಯೆರಾದಲ್ಲಿ ಮೂರು ರಾತ್ರಿ, ಬ್ರೆನ್ನರ್ ಕಣಿವೆದಾರಿಯ ಮೂಲಕ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಒಂದು, ಜರ್ಮನಿಯ ಫ್ಯುಸನ್‌ನಲ್ಲಿ ಒಂದು, ಕೊನೆಯದು ಮ್ಯೂನಿಕ್ ಸಮೀಪ. ಒಟ್ಟು ಸುಮಾರು 1,100 ಕಿಲೋಮೀಟರ್. ಇಷ್ಟೇ ದೂರಕ್ಕೆ ಎರಡು ವಾರವೇ ಎಂದು ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಅವರ ಪಾಡಿಗೆ ಅವರು ಹತ್ತು ದಿನಗಳಲ್ಲಿ ಎಂಟು ದೇಶ ನೋಡಲಿ.

ಪೆಸ್ಕಿಯೆರಾವನ್ನು ಆರಿಸಿದ್ದಕ್ಕೆ ಕಾರಣವಿದೆ. ಗಾರ್ಡಾದ ಉತ್ತರಾರ್ಧದ ಪಶ್ಚಿಮ ದಡದ ರಸ್ತೆ ಇಕ್ಕಟ್ಟಾದ ಹಳೆಯ ಸುರಂಗಗಳ ಸರಮಾಲೆ. ದೊಡ್ಡ ವಾಹನದ ಹೊಸ ಚಾಲಕರಿಗೆ ಅದು ಬೇಡ. ಪೆಸ್ಕಿಯೆರಾ ಹೆದ್ದಾರಿಗೆ ಹತ್ತಿರವಿದ್ದು, ಅಲ್ಲಿನ ರೈಲು ನಿಲ್ದಾಣದಿಂದ ವೆರೋನಾ ಸ್ವಲ್ಪವೇ ದೂರ, ಸರೋವರದ ಇತರ ಊರುಗಳಿಗೆ ದೋಣಿಗಳಿವೆ. ಮೋಟರ್‌ಹೋಮ್ ಪ್ರವಾಸದ ಊರುಗಳನ್ನು ಆರಿಸುವ ಸೂತ್ರವೇ ಇದು: ವಾಹನವನ್ನು ಊರಾಚೆ ನಿಲ್ಲಿಸಿ, ಊರನ್ನು ರೈಲಿನಲ್ಲಿ, ಬಸ್ಸಿನಲ್ಲಿ, ದೋಣಿಯಲ್ಲಿ ತಲುಪಬಹುದೇ ಎಂದು ನೋಡಬೇಕು.

ಗ್ರೋಸ್‌ಗ್ಲಾಕ್ನರ್ ರಸ್ತೆ 1935ರಲ್ಲಿ ಸಂಚಾರಕ್ಕೆ ತೆರೆದದ್ದು. 48 ಕಿಲೋಮೀಟರ್ ಉದ್ದ, 36 ತಿರುವುಗಳು, 2,504 ಮೀಟರ್ ಎತ್ತರದ ಹಾಕ್‌ಟೋರ್ ಅದರ ಕಣಿವೆದಾರಿ. ರಸ್ತೆ ಅಗಲವಾಗಿದ್ದು ಮೋಟರ್‌ಹೋಮ್‌ಗಳು ಧಾರಾಳವಾಗಿ ಓಡಾಡುತ್ತವೆ. ಕಷ್ಟವಿರುವುದು ಏರುವುದರಲ್ಲಲ್ಲ, ಇಳಿಯುವುದರಲ್ಲಿ: ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ಅದು ಕಾದು ಕೆಲಸ ನಿಲ್ಲಿಸುತ್ತದೆ, ಆದ್ದರಿಂದ ಎರಡನೆಯ ಗೇರಿನಲ್ಲಿ ಎಂಜಿನ್ನಿನ ತಡೆಯಲ್ಲೇ ಇಳಿಯಬೇಕು. ಆಗುಂಬೆ ಅಥವಾ ಚಾರ್ಮಾಡಿ ಘಾಟಿಯಲ್ಲಿ ವಾಹನ ಇಳಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೋಡ ಕವಿದಿದ್ದರೆ ಅಥವಾ ಧೈರ್ಯ ಸಾಲದಿದ್ದರೆ ಮಿಟ್ಟರ್‌ಸಿಲ್‌ನಿಂದ ಫೆಲ್ಬರ್‌ಟಾವರ್ನ್ ಸುರಂಗದ ಮೂಲಕ ಲೀನ್ಸ್‌ಗೆ ಹೋಗಬಹುದು. ಇಟಲಿಯ ಪ್ರಸಿದ್ಧ ಸ್ಟೆಲ್ವಿಯೊ ಕಣಿವೆದಾರಿಯನ್ನು ಮಾತ್ರ ಪಟ್ಟಿಗೆ ಸೇರಿಸಬೇಡಿ. ಪ್ರಾಟೊ ಕಡೆಯಿಂದ ಏರುವಾಗ ಸಿಗುವ 48 ಹೇರ್‌ಪಿನ್ ತಿರುವುಗಳಲ್ಲಿ ಉದ್ದದ ವಾಹನ ಹಿಂದೆ ಮುಂದೆ ಮಾಡುತ್ತ ನಿಂತರೆ ಇಡೀ ರಸ್ತೆಯೇ ಕಟ್ಟಿಹೋಗುತ್ತದೆ.

ನಾಲ್ಕನೆಯ ಹಂತ: ವೀಸಾ ಮತ್ತು ಪರವಾನಗಿ

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾದ ಅರ್ಜಿಯನ್ನು ಯಾವ ದೇಶಕ್ಕೆ ಸಲ್ಲಿಸಬೇಕು ಎಂಬುದು ವಿಮಾನ ಎಲ್ಲಿ ಇಳಿಯುತ್ತದೆ ಎಂಬುದರ ಮೇಲೆ ನಿರ್ಧಾರವಾಗುವುದಿಲ್ಲ. ಅತಿ ಹೆಚ್ಚು ದಿನ ಎಲ್ಲಿ ತಂಗುತ್ತೀರಿ ಎಂಬುದೇ ಮುಖ್ಯ. ಮೇಲಿನ ಮಾರ್ಗದಲ್ಲಿ ಜರ್ಮನಿಗೆ ಐದು ರಾತ್ರಿ, ಆಸ್ಟ್ರಿಯಾಕ್ಕೆ ಮೂರು, ಇಟಲಿಗೆ ಆರು. ಆದ್ದರಿಂದ ಮ್ಯೂನಿಕ್‌ನಲ್ಲಿ ಇಳಿದು ಮ್ಯೂನಿಕ್‌ನಿಂದಲೇ ಹೊರಟರೂ ಅರ್ಜಿ ಹೋಗಬೇಕಾದದ್ದು ಇಟಲಿಗೆ. ಮಾರ್ಗವನ್ನು ಆಮೇಲೆ ನೋಡಿಕೊಂಡರಾಯಿತು ಎಂದು ವೀಸಾಕ್ಕೆ ಓಡುವವರು ಎಡವುವುದು ಇಲ್ಲೇ. ದೇಶಗಳ ದಿನಗಳು ಸಮಸಮವಾಗಿದ್ದರೆ ಮಾತ್ರ ಮೊದಲು ಪ್ರವೇಶಿಸುವ ದೇಶಕ್ಕೆ ಅರ್ಜಿ.

ಪ್ರವಾಸಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಗಳಿಗಿಂತ ತಡವಾಗಬಾರದು. ಬೇಸಿಗೆಯಲ್ಲಿ ಸಂದರ್ಶನದ ದಿನಾಂಕ ಸಿಗುವುದೇ ಕಷ್ಟವಾದ್ದರಿಂದ ಮೂರು ನಾಲ್ಕು ತಿಂಗಳು ಮೊದಲೇ ಹಾಕುವುದು ಒಳಿತು. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ವಸತಿಯ ದಾಖಲೆಯಾಗಿ ಮೋಟರ್‌ಹೋಮ್ ಬಾಡಿಗೆಯ ಒಪ್ಪಂದವೊಂದೇ ಸಾಲುವುದಿಲ್ಲ ಎಂದು ತಿಳಿದು, ಪ್ರತಿ ರಾತ್ರಿಗೂ ಹೆಸರು ಮತ್ತು ದಿನಾಂಕವಿರುವ ಕ್ಯಾಂಪ್‌ಸೈಟ್ ಕಾಯ್ದಿರಿಸುವಿಕೆಯನ್ನು ಲಗತ್ತಿಸಬೇಕು. ರದ್ದು ಮಾಡಲು ಅವಕಾಶವಿರುವವುಗಳನ್ನೇ ಆರಿಸಿಕೊಳ್ಳಿ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಹೊಸ ಪ್ರವೇಶ ವ್ಯವಸ್ಥೆಯಲ್ಲಿ ಗಡಿಯಲ್ಲೇ ಮುಖಚಿತ್ರ ಮತ್ತು ಬೆರಳಚ್ಚು ದಾಖಲಾಗುತ್ತದೆ, ಹಾಗಾಗಿ ಇಳಿದ ದಿನ ಸಾಲು ಉದ್ದವಿರಬಹುದು.

ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ, ಅಂದರೆ ಐಡಿಪಿಗೆ, ಪರಿವಾಹನ್‌ನ ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಿ ತಮ್ಮ ಆರ್‌ಟಿಒದಿಂದ ಪಡೆಯಬೇಕು. ಅದರ ಅವಧಿ ಒಂದು ವರ್ಷ. ಅದು ಮೂಲ ಡಿಎಲ್‌ಗೆ ಪೂರಕವೇ ಹೊರತು ಬದಲಿಯಲ್ಲ, ಎರಡೂ ಜೇಬಿನಲ್ಲಿರಬೇಕು. ಫೋನಿನಲ್ಲಿರುವ ಡಿಎಲ್ ಪ್ರತಿಯನ್ನು ಬಾಡಿಗೆ ಕಚೇರಿ ಒಪ್ಪುವುದಿಲ್ಲ. ಜರ್ಮನಿಯಲ್ಲೇ ನೆಲೆಸಿರುವ ಕನ್ನಡಿಗರಿಗೆ ನಿಯಮ ಬೇರೆ: ಅಲ್ಲಿ ವಾಸ ಆರಂಭಿಸಿದ ಆರು ತಿಂಗಳ ನಂತರ ಭಾರತದ ಪರವಾನಗಿ ನಡೆಯುವುದಿಲ್ಲ, ಆದ್ದರಿಂದ ಊರಿನಿಂದ ಬಂದ ಅಣ್ಣ ಓಡಿಸಬಹುದಾದ ವಾಹನವನ್ನು ಅಲ್ಲೇ ಇರುವ ತಮ್ಮ ಓಡಿಸಲಾಗದ ಪರಿಸ್ಥಿತಿ ಬರಬಹುದು.

ಐದನೆಯ ಹಂತ: ಬಾಡಿಗೆಯ ಒಪ್ಪಂದ

ಜುಲೈ ಮತ್ತು ಆಗಸ್ಟ್‌ನಲ್ಲಿ ಅನೇಕ ಸಂಸ್ಥೆಗಳು ಕನಿಷ್ಠ ಒಂದು ಅಥವಾ ಎರಡು ವಾರಕ್ಕೆ ಮಾತ್ರ ವಾಹನ ಕೊಡುತ್ತವೆ. ದಿನದ ದರ ಮಾತ್ರ ನೋಡಿ ಹೋಲಿಸಬಾರದು. ಸೇವಾಶುಲ್ಕ, ಹಾಸಿಗೆ ಹೊದಿಕೆ, ಪಾತ್ರೆಗಳು, ಮಕ್ಕಳ ಆಸನ, ಎರಡನೆಯ ಚಾಲಕ, ಕಿಲೋಮೀಟರ್ ಮಿತಿ ಎಲ್ಲವನ್ನೂ ಕೂಡಿಸಿ ಅಂತಿಮ ಮೊತ್ತವನ್ನೇ ಹೋಲಿಸಬೇಕು. ವಾಹನವನ್ನು ಸಾಮಾನ್ಯವಾಗಿ ಮಧ್ಯಾಹ್ನ ಕೊಟ್ಟು ಬೆಳಿಗ್ಗೆ ಹಿಂದೆ ಪಡೆಯುತ್ತಾರೆ, ಭಾನುವಾರ ಕಚೇರಿ ಮುಚ್ಚಿರುತ್ತದೆ; ವಿಮಾನದ ಟಿಕೆಟ್ ಕೊಳ್ಳುವ ಮುನ್ನವೇ ಇದನ್ನು ನೋಡಿಕೊಳ್ಳಬೇಕು.

ವಿಮೆಯ ಷರತ್ತುಗಳನ್ನು ಓದುವಾಗ ಎರಡು ಪ್ರಶ್ನೆಗಳಿರಲಿ. ಹಾನಿಯಾದರೆ ನಾವು ಕೈಯಿಂದ ಕೊಡಬೇಕಾದ ಮೊತ್ತವೆಷ್ಟು? ಅದು ಸಾಮಾನ್ಯವಾಗಿ 1,000ದಿಂದ 2,000 ಯೂರೊ ಇರುತ್ತದೆ, ಹೆಚ್ಚು ಕೊಟ್ಟರೆ ಇಳಿಯುತ್ತದೆ. ಮೇಲ್ಛಾವಣಿ, ತಳಭಾಗ ಮತ್ತು ಬಿಸಿಲುಚಪ್ಪರಗಳ ಹಾನಿಯನ್ನು ವಿಮೆ ಒಳಗೊಳ್ಳುತ್ತದೆಯೇ? ಹಲವು ಒಪ್ಪಂದಗಳಲ್ಲಿ ಒಳಗೊಳ್ಳುವುದಿಲ್ಲ, ಮತ್ತು ಹೊಸಬರು ಕೆಡಿಸುವುದು ಇವೇ ಮೂರನ್ನು. ಡೆಪಾಸಿಟ್ಟಿಗೆ ಚಾಲಕರ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡನ್ನು ಕೇಳುತ್ತಾರೆ. ಅದರ ಅಂತರರಾಷ್ಟ್ರೀಯ ಬಳಕೆಯ ಮಿತಿಯನ್ನು ಬ್ಯಾಂಕಿನ ಆ್ಯಪಿನಲ್ಲಿ ಹೊರಡುವ ಮೊದಲೇ ಏರಿಸಿಟ್ಟುಕೊಳ್ಳಬೇಕು.

ವಾಹನ ಕೈಗೆ ಕೊಡುವಾಗ ಸಿಬ್ಬಂದಿ ವಿವರಿಸುವುದನ್ನು ಪೂರ್ತಿ ವಿಡಿಯೊ ಮಾಡಿಕೊಳ್ಳಿ. ಬಿಸಿನೀರಿನ ಗುಂಡಿ ಎಲ್ಲಿ, ಗ್ಯಾಸಿನ ಮೂರು ಕವಾಟಗಳಲ್ಲಿ ಯಾವುದು ಯಾವುದಕ್ಕೆ, ಶೌಚದ ಪೆಟ್ಟಿಗೆಯನ್ನು ಹೇಗೆ ಎಳೆಯಬೇಕು ಎಂಬ ಪ್ರಶ್ನೆಗಳೆಲ್ಲ ರಾತ್ರಿ ಮಳೆಯಲ್ಲೇ ಎದುರಾಗುತ್ತವೆ. ಡೀಸೆಲ್ ಮತ್ತು ಆ್ಯಡ್‌ಬ್ಲೂ (ಎಂಜಿನ್ನಿನ ಹೊಗೆಯನ್ನು ಶುದ್ಧಗೊಳಿಸುವ ದ್ರಾವಣ) ಮುಚ್ಚಳಗಳು ಅಕ್ಕಪಕ್ಕದಲ್ಲಿರುವುದುಂಟು. ಒಂದರಲ್ಲಿ ಇನ್ನೊಂದನ್ನು ಸುರಿದರೆ ಪ್ರವಾಸ ಅಲ್ಲಿಗೇ ನಿಲ್ಲುತ್ತದೆ. ವಾಹನದ ಎತ್ತರವನ್ನು ಮೀಟರಿನಲ್ಲಿ ಬರೆದು ಸ್ಟಿಯರಿಂಗ್ ಎದುರು ಅಂಟಿಸಿಕೊಳ್ಳಬೇಕು.

ಆರನೆಯ ಹಂತ: ರಾತ್ರಿ ನಿಲ್ಲುವ ಜಾಗ

ನಿಲ್ಲಲು ಎರಡು ಬಗೆಯ ಅಧಿಕೃತ ಜಾಗಗಳಿವೆ. ಕ್ಯಾಂಪ್‌ಸೈಟ್‌ನಲ್ಲಿ ಸ್ನಾನದ ಮನೆ, ಬಟ್ಟೆ ಒಗೆಯುವ ಯಂತ್ರ, ಮಕ್ಕಳ ಆಟದ ಜಾಗ, ಕೆಲವೆಡೆ ಈಜುಕೊಳವೂ ಇರುತ್ತದೆ. ಇನ್ನೊಂದು ಮೋಟರ್‌ಹೋಮ್‌ಗಳಿಗೆಂದೇ ಮೀಸಲಾದ ಸರಳ ನಿಲುಗಡೆ: ಜರ್ಮನಿಯಲ್ಲಿ ಸ್ಟೆಲ್‌ಪ್ಲಾಟ್ಸ್, ಇಟಲಿಯಲ್ಲಿ ಆರಿಯಾ ಡಿ ಸೋಸ್ತಾ. ಇಲ್ಲಿ ನಿಲ್ಲಲು ಜಾಗ, ನೀರು, ವಿದ್ಯುತ್ ಸಿಗುತ್ತವೆ. ಕುರ್ಚಿ ಹಾಕಿ ಹರಡಿಕೊಳ್ಳಲು ಹೆಚ್ಚು ಅವಕಾಶವಿರುವುದಿಲ್ಲ. ದರ ಕ್ಯಾಂಪ್‌ಸೈಟ್‌ಗಿಂತ ಸಾಕಷ್ಟು ಕಡಿಮೆ. ಪಾರ್ಕ್‌ಫಾರ್‌ನೈಟ್, ಕ್ಯಾಂಪರ್‌ಕಾಂಟ್ಯಾಕ್ಟ್ ಆ್ಯಪ್‌ಗಳಲ್ಲಿ ಇವೆರಡರ ವಿವರವೂ ಸಿಗುತ್ತದೆ. ಮಕ್ಕಳಿರುವ ಮೊದಲ ಪ್ರವಾಸಕ್ಕೆ ಕ್ಯಾಂಪ್‌ಸೈಟ್‌ಗಳನ್ನೇ ಮುಖ್ಯವಾಗಿಟ್ಟುಕೊಂಡು ಮಾರ್ಗಮಧ್ಯದ ಒಂದೆರಡು ರಾತ್ರಿ ಮಾತ್ರ ಸ್ಟೆಲ್‌ಪ್ಲಾಟ್ಸ್ ಬಳಸುವುದು ನನ್ನ ಸಲಹೆ.

ಸರೋವರದ ದಡದಲ್ಲಿ ಒಂಟಿಯಾಗಿ ನಿಂತ ಮೋಟರ್‌ಹೋಮ್‌ನ ಚಿತ್ರಗಳನ್ನು ನೋಡಿ ಎಲ್ಲಿ ಬೇಕಾದರೂ ಮಲಗಬಹುದೆಂದು ತಿಳಿಯಬಾರದು. ಜರ್ಮನಿಯಲ್ಲಿ ನಿಷೇಧದ ಫಲಕವಿಲ್ಲದ ನಿಲುಗಡೆಯಲ್ಲಿ ಚಾಲಕನ ಆಯಾಸ ಕಳೆಯಲು ಒಂದು ರಾತ್ರಿ ಮಲಗಬಹುದು, ಆದರೆ ಚಪ್ಪರ ಬಿಚ್ಚುವುದು, ಕುರ್ಚಿ ಹಾಕುವುದು ಸಲ್ಲದು. ಆಸ್ಟ್ರಿಯಾದ ಟಿರೋಲ್‌ನಲ್ಲಿ ಕ್ಯಾಂಪ್‌ಸೈಟ್‌ನ ಹೊರಗೆ ಮಲಗುವುದಕ್ಕೆ ನಿರ್ಬಂಧವಿದೆ. ಕ್ರೊಯೇಷಿಯಾ ಮತ್ತು ಸ್ಲೊವೇನಿಯಾಗಳಲ್ಲಿ ದಂಡ ಕಟ್ಟಿಟ್ಟ ಬುತ್ತಿ.

ಜರ್ಮನ್ ಭಾಷೆಯ ಪ್ರದೇಶಗಳಲ್ಲಿ, ದಕ್ಷಿಣ ಟಿರೋಲ್ ಸೇರಿದಂತೆ, ಮಧ್ಯಾಹ್ನ ಸುಮಾರು 1ರಿಂದ 3 ಗಂಟೆಯವರೆಗೆ ಮತ್ತು ರಾತ್ರಿ 10ರ ನಂತರ ಕ್ಯಾಂಪ್‌ಸೈಟ್‌ಗಳಲ್ಲಿ ನಿಶ್ಶಬ್ದದ ವೇಳೆ. ಗೇಟು ಇಳಿಸಿರುತ್ತಾರೆ, ಕಚೇರಿಯಲ್ಲಿ ಯಾರೂ ಇರುವುದಿಲ್ಲ. ಊಟದ ಹೊತ್ತಿಗೆ ತಲುಪಿಬಿಡೋಣ ಎಂದು ಬಂದವರು ಮುಚ್ಚಿದ ಗೇಟಿನ ಮುಂದೆ ಎರಡು ಗಂಟೆ ಕಾಯುತ್ತಾರೆ. ಮಧ್ಯಾಹ್ನ 3ರಿಂದ ಸಂಜೆ 5ರೊಳಗೆ ತಲುಪುವಂತೆ ದಿನವನ್ನು ಜೋಡಿಸಿಕೊಂಡರೆ, ಬೆಳಕಿರುವಾಗಲೇ ವಾಹನವನ್ನು ಜಾಗಕ್ಕೆ ಹಾಕಿ ಮುಗಿಸಬಹುದು. ಹಿಂದಕ್ಕೆ ತೆಗೆಯುವಾಗ ಒಬ್ಬರು ಕೆಳಗಿಳಿದು, ನಮ್ಮ ಬಸ್ಸಿನ ಕಂಡಕ್ಟರ್ ‘ಬರ್ಲಿ, ಬರ್ಲಿ’ ಎನ್ನುವಂತೆ, ಕನ್ನಡಿಯಲ್ಲಿ ಕಾಣುವ ಹಾಗೆ ನಿಂತು ಹೇಳಲೇಬೇಕು. ಹಿಂದಿನ ಕ್ಯಾಮೆರಾ ನೆಲವನ್ನು ತೋರಿಸುತ್ತದೆ, ಮೇಲೆ ಚಾಚಿದ ಕೊಂಬೆಯನ್ನು ತೋರಿಸುವುದಿಲ್ಲ.

ಏಳನೆಯ ಹಂತ: ರಸ್ತೆಯ ಸುಂಕ ಮತ್ತು ನಿಯಮ

ಜರ್ಮನಿಯ ಹೆದ್ದಾರಿಯಲ್ಲಿ ಮೋಟರ್‌ಹೋಮ್‌ಗೆ ಸುಂಕವಿಲ್ಲ. ಆಸ್ಟ್ರಿಯಾದಲ್ಲಿ 3.5 ಟನ್ನಿನವರೆಗಿನ ವಾಹನಗಳಿಗೆ ವಿಗ್ನೆಟ್, ಅಂದರೆ ನಿಗದಿತ ಅವಧಿಗೆ ಹೆದ್ದಾರಿ ಬಳಸುವ ಪಾಸ್, ಬೇಕು. ಈ ಮಾರ್ಗಕ್ಕೆ, ಹೋಗುವಾಗ ಬರುವಾಗ ಆಸ್ಟ್ರಿಯಾದ ಹೆದ್ದಾರಿ ಬಳಸುವ ದಿನಗಳನ್ನು ನೋಡಿಕೊಂಡು 10 ದಿನದ್ದನ್ನೋ ಒಂದು ದಿನದ್ದನ್ನೋ ಕೊಳ್ಳಬಹುದು. ಬ್ರೆನ್ನರ್ ಹೆದ್ದಾರಿ ಮತ್ತು ಗ್ರೋಸ್‌ಗ್ಲಾಕ್ನರ್‌ಗಳಿಗೆ ಪ್ರತ್ಯೇಕ ಸುಂಕ. ಇಟಲಿಯಲ್ಲಿ ಟಿಕೆಟ್ ಪಡೆದು ಒಳಹೋಗಿ, ಹೊರಬರುವಾಗ ದೂರಕ್ಕೆ ತಕ್ಕಂತೆ ಹಣ ಕೊಡಬೇಕು. ಟೋಲಿನಲ್ಲಿ ಹಳದಿ ಬಣ್ಣದ ಟೆಲಿಪಾಸ್ ಸಾಲಿಗೆ ಹೋಗಬಾರದು, ಅದು ನಮ್ಮ ಫಾಸ್ಟ್ಯಾಗ್‌ನಂಥ ಸಾಧನ ಇರುವವರಿಗೆ ಮಾತ್ರ. ಮಾರ್ಗವನ್ನು ಸ್ವಿಟ್ಜರ್ಲೆಂಡ್ ಕಡೆಗೆ ತಿರುಗಿಸುವವರು 40 ಫ್ರಾಂಕಿನ ವಾರ್ಷಿಕ ವಿಗ್ನೆಟ್ ಕೊಳ್ಳಬೇಕು, ಒಂದೇ ದಿನ ದಾಟಿದರೂ ಅಷ್ಟೇ.

ಇಟಲಿಯ ಹಳೆಯ ಊರುಗಳ ನಡುಭಾಗ ಝಡ್‌ಟಿಎಲ್ ಎಂಬ ನಿರ್ಬಂಧಿತ ವಲಯ. ಬಿಳಿ ಫಲಕದ ಮೇಲಿನ ಕೆಂಪು ವೃತ್ತ ಕಂಡರೆ ಅಲ್ಲಿಂದಾಚೆ ಹೋಗಬಾರದು. ತಡೆಯುವ ಗೇಟಿರುವುದಿಲ್ಲ, ಕ್ಯಾಮೆರಾ ಮಾತ್ರ ಇರುತ್ತದೆ. ಹಿಂದೆ ಸೈಕಲ್ ಸ್ಟ್ಯಾಂಡ್ ಚಾಚಿಕೊಂಡಿದ್ದರೆ ಇಟಲಿಯಲ್ಲಿ ಕೆಂಪು ಬಿಳಿ ಪಟ್ಟೆಯ ಚೌಕ ಫಲಕ ಕಟ್ಟಬೇಕು. ಜರ್ಮನಿ ಮತ್ತು ಆಸ್ಟ್ರಿಯಾದ ಹೆದ್ದಾರಿಗಳಲ್ಲಿ ವಾಹನಗಳು ನಿಧಾನಗೊಂಡ ಕೂಡಲೇ, ಆಂಬುಲೆನ್ಸ್ ಸದ್ದು ಕೇಳುವವರೆಗೆ ಕಾಯದೆ, ಎಡ ಸಾಲಿನವರು ಇನ್ನಷ್ಟು ಎಡಕ್ಕೂ ಉಳಿದವರು ಬಲಕ್ಕೂ ಸರಿದು ನಡುವೆ ದಾರಿ ಬಿಡಬೇಕು. ಫಲಕವಿಲ್ಲದ ಒಳರಸ್ತೆಗಳ ಕೂಡಿನಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ತುರ್ತು ಸಂದರ್ಭಕ್ಕೆ ಮೂರೂ ದೇಶಗಳಲ್ಲಿ 112.

ಎಂಟನೆಯ ಹಂತ: ಅಡುಗೆ, ವಿದ್ಯುತ್, ನೀರು

ಊರಿನಿಂದ ಏನು ಒಯ್ಯಬಹುದು ಎಂಬುದಕ್ಕೆ ಐರೋಪ್ಯ ಒಕ್ಕೂಟದ ಕಟ್ಟುನಿಟ್ಟಿನ ನಿಯಮಗಳಿವೆ. ಹಾಲು ಮತ್ತು ಮಾಂಸದ ಪದಾರ್ಥಗಳನ್ನು ಹೊರದೇಶದಿಂದ ಸಾಮಾನಿನಲ್ಲಿ ತರುವಂತಿಲ್ಲ. ಹಾಗಾಗಿ ತುಪ್ಪ, ಪೇಡ, ತುಪ್ಪದ ಮೈಸೂರುಪಾಕು ಬಿಟ್ಟು ಹೋಗಬೇಕು. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುವುದರಿಂದ ಅದೂ ಬೇಡ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಹುರಿದ ರವೆ, ಅವಲಕ್ಕಿ ಧಾರಾಳವಾಗಿ ಒಯ್ಯಬಹುದು. ಉಪ್ಪಿಲ್ಲದ ಬೆಣ್ಣೆ ಅಲ್ಲಿನ ಯಾವ ಅಂಗಡಿಯಲ್ಲೂ ಸಿಗುತ್ತದೆ, ಹತ್ತು ನಿಮಿಷದಲ್ಲಿ ತುಪ್ಪ ಕಾಯಿಸಿಕೊಳ್ಳಬಹುದು. ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಖರೀದಿ ಮುಗಿಸಬೇಕು.

ಒಲೆ ಎರಡು ಅಥವಾ ಮೂರು ಉರಿಯ ಗ್ಯಾಸಿನದು. ಮೂರು ಲೀಟರಿನ ಪುಟ್ಟ ಕುಕ್ಕರ್ ಸಾಕು. ಅಡುಗೆಗೆ ಮೊದಲು ಮೇಲ್ಛಾವಣಿಯ ಕಿಟಕಿಯನ್ನು ತೆರೆಯಲೇಬೇಕು: ಒಗ್ಗರಣೆಯ ಮೆಣಸಿನಕಾಯಿ ಘಾಟಿಗೆ ಹೊಗೆಯ ಅಲಾರಾಂ ಕೂಗಿಕೊಳ್ಳುತ್ತದೆ, ಕುಕ್ಕರಿನ ಹಬೆ ಗಾಜಿನ ಮೇಲೆ ನೀರಾಗಿ ಹಾಸಿಗೆಗೆ ತೊಟ್ಟಿಕ್ಕುತ್ತದೆ. ಇಂಗಿನ ವಾಸನೆ ಬಟ್ಟೆಯ ಪರದೆಗೆ ಹಿಡಿದರೆ ಶುಚಿಗೊಳಿಸುವ ಶುಲ್ಕ ಬೀಳಬಹುದಾದ್ದರಿಂದ, ಮಳೆಯಿಲ್ಲದ ಸಂಜೆ ಹೊರಗಿನ ಮೇಜಿನ ಮೇಲೆ ಸಣ್ಣ ಒಲೆಯಿಟ್ಟು ಒಗ್ಗರಣೆ ಮಾಡುವುದು ಜಾಣತನ. ಗ್ಯಾಸ್ ಸಿಲಿಂಡರಿನ ಜೋಡಣೆ ದೇಶದಿಂದ ದೇಶಕ್ಕೆ ಬೇರೆ; ಜರ್ಮನಿಯ ಸಿಲಿಂಡರಿಗೆ ಇಟಲಿಯಲ್ಲಿ ಬದಲಿ ಸಿಗುವುದಿಲ್ಲ, ಆದ್ದರಿಂದ ಹೊರಡುವಾಗಲೇ 11 ಕಿಲೋದ ಎರಡೂ ಸಿಲಿಂಡರುಗಳು ತುಂಬಿವೆಯೇ ಎಂದು ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ಎರಡು ವಾರಕ್ಕೆ ಅವು ಧಾರಾಳ.

ಕ್ಯಾಂಪ್‌ಸೈಟ್‌ನ ವಿದ್ಯುತ್ ಕಂಬದಲ್ಲಿ ನೀಲಿ ಬಣ್ಣದ ಮೂರು ಕಡ್ಡಿಯ ದುಂಡು ಪ್ಲಗ್ ಇರುತ್ತದೆ. 230 ವೋಲ್ಟ್ ನಮ್ಮಂತೆಯೇ. ಆದರೆ ಎಷ್ಟು ಆಂಪಿಯರ್ ಎಂದು ಕೇಳಬೇಕು. ಇಟಲಿಯಲ್ಲಿ 6 ಆಂಪಿಯರ್ ಮಾತ್ರ ಕೊಡುವ ಜಾಗಗಳಿವೆ. ಆರನ್ನು 230ರಿಂದ ಗುಣಿಸಿದರೆ 1,380 ವ್ಯಾಟ್. 2,000 ವ್ಯಾಟಿನ ಕೆಟಲ್ ಹಚ್ಚಿದ ಕ್ಷಣ ಫ್ಯೂಸ್ ಹೋಗುತ್ತದೆ, ಆ ಕಂಬದ ಪೆಟ್ಟಿಗೆಯ ಬೀಗದ ಕೈ ಕಚೇರಿಯವರ ಬಳಿ ಇರುತ್ತದೆ, ಕಚೇರಿ ಬೆಳಿಗ್ಗೆ ತೆರೆಯುತ್ತದೆ. 500 ವ್ಯಾಟಿನ ಮಿಕ್ಸಿಗೆ ತೊಂದರೆಯಿಲ್ಲ. ಚಹಾಕ್ಕೆ ಗ್ಯಾಸನ್ನೇ ನಂಬಿಕೊಳ್ಳಿ.

ಶೌಚದ ಪೆಟ್ಟಿಗೆ ಸುಮಾರು 18 ಲೀಟರಿನದು. ನಾಲ್ವರು ಬಳಸಿದರೆ ಒಂದೂವರೆ ದಿನದಲ್ಲಿ ತುಂಬುತ್ತದೆ. ಅದನ್ನು ಹೊರಗಿನ ಬಾಗಿಲಿನಿಂದ ಎಳೆದು, ಚಕ್ರಗಳ ಮೇಲೆ ಉರುಳಿಸಿಕೊಂಡು ಹೋಗಿ, ಅದಕ್ಕೆಂದೇ ಇರುವ ಜಾಗದಲ್ಲಿ ಖಾಲಿ ಮಾಡಿ, ತೊಳೆದು, ನೀಲಿ ದ್ರಾವಣ ಹಾಕಿ ಹಿಂದಿಡಬೇಕು. ಖಾಲಿ ಮಾಡುವಾಗ ಗಾಳಿಯ ಗುಂಡಿಯನ್ನು ಒತ್ತಿ ಹಿಡಿದರೆ ಸಿಡಿಯುವುದಿಲ್ಲ. ಕೆಲಸ ಐದು ನಿಮಿಷದ್ದು. ಯಾರು ಮಾಡಬೇಕೆಂಬ ಚರ್ಚೆ ಮಾತ್ರ ದೀರ್ಘವಾಗುತ್ತದೆ, ಆದ್ದರಿಂದ ಸರದಿಯನ್ನು ಊರಲ್ಲೇ ಗೊತ್ತುಮಾಡಿಕೊಂಡು ಹೊರಡುವುದು ಉತ್ತಮ. ಪಾತ್ರೆ ತೊಳೆದ ನೀರಿನ ಟ್ಯಾಂಕನ್ನು ಖಾಲಿ ಮಾಡಲು ನೆಲದಲ್ಲಿ ಬೇರೆಯೇ ಜಾಲರಿಯಿರುತ್ತದೆ. ಚಳಿ ರಾತ್ರಿಯಲ್ಲಿ ಉಷ್ಣತೆ 3 ಡಿಗ್ರಿ ಆಸುಪಾಸಿಗೆ ಇಳಿದರೆ ಬಿಸಿನೀರಿನ ಬಾಯ್ಲರ್ ಒಡೆಯದಿರಲೆಂದು ಸುರಕ್ಷಾ ಕವಾಟ ತಾನಾಗಿ ತೆರೆದು ನೀರನ್ನು ಹೊರಗೆ ಬಿಡುತ್ತದೆ. ಅದು ಕೆಟ್ಟಿತೆಂದು ಗಾಬರಿಯಾಗದೆ, ಒಳಗಿನ ಹೀಟರ್ ಹಚ್ಚಿಟ್ಟರೆ ಸಾಕು.

ಪ್ರತಿದಿನ ಹೊರಡುವ ಮುನ್ನ ಒಬ್ಬರೇ, ಒಂದೇ ಕ್ರಮದಲ್ಲಿ, ವಾಹನದ ಸುತ್ತ ಒಮ್ಮೆ ಬರಬೇಕು: ವಿದ್ಯುತ್ ತಂತಿ ತೆಗೆದಿದೆಯೇ, ಗ್ಯಾಸ್ ಬಂದಾಗಿದೆಯೇ, ಮೆಟ್ಟಿಲು ಒಳಗೆ ಹೋಗಿದೆಯೇ, ಮೇಲ್ಛಾವಣಿಯ ಕಿಟಕಿಗಳು ಮುಚ್ಚಿವೆಯೇ, ಫ್ರಿಜ್ಜಿನ ಬಾಗಿಲಿಗೆ ಚಿಲಕ ಬಿದ್ದಿದೆಯೇ. ಮೊದಲ ತಿರುವಿನಲ್ಲೇ ಕಪಾಟಿನ ಬಾಗಿಲು ತೆರೆದು ಹುಳಿಪುಡಿಯ ಡಬ್ಬಿ ನೆಲಕ್ಕೆ ಬೀಳುವುದು ಚಿಲಕ ಹಾಕದವರಿಗೆ ಸಿಗುವ ಮೊದಲ ಪಾಠ.

ಕೊನೆಯ ಹಂತ: ಹಿಂತಿರುಗಿಸುವುದು

ಕೊನೆಯ ರಾತ್ರಿಯನ್ನು ಬಾಡಿಗೆ ಕಚೇರಿಯಿಂದ ಒಂದು ಗಂಟೆಯೊಳಗಿನ ದೂರದಲ್ಲೇ ಕಳೆಯಬೇಕು. ಶೌಚದ ಪೆಟ್ಟಿಗೆ, ಪಾತ್ರೆ ನೀರಿನ ಟ್ಯಾಂಕ್ ಎರಡನ್ನೂ ಅಂದು ಸಂಜೆಯೇ ಖಾಲಿ ಮಾಡಿ ತೊಳೆದಿಡಿ. ಕೊಳಕಾದ ಶೌಚದ ಪೆಟ್ಟಿಗೆಗೆ ನೂರು ಯೂರೊ ದಾಟುವ ಶುಲ್ಕ ಹಾಕುವ ಒಪ್ಪಂದಗಳಿವೆ. ಒಳಗನ್ನು ಗುಡಿಸಿ ಒರೆಸಿ, ಕಚೇರಿಯ ಸಮೀಪದ ಬಂಕಿನಲ್ಲಿ ಡೀಸೆಲ್ ತುಂಬಿಸಿ ರಶೀದಿಯನ್ನು ಇಟ್ಟುಕೊಂಡು, ನಾಲ್ಕೂ ಬದಿ, ಛಾವಣಿಯ ಅಂಚು ಮತ್ತು ಮೀಟರಿನ ಓದನ್ನು ಫೋಟೊ ತೆಗೆಯಬೇಕು. ಹಾನಿಯಿಲ್ಲ ಎಂದು ಸಿಬ್ಬಂದಿ ಬಾಯಲ್ಲಿ ಹೇಳಿದರೆ ಸಾಲದು, ಹಸ್ತಾಂತರದ ಹಾಳೆಯಲ್ಲಿ ಬರೆಸಿ ಸಹಿ ಪಡೆಯಿರಿ.

ಡೆಪಾಸಿಟ್ ಕಾರ್ಡಿಗೆ ಮರಳಲು ಕೆಲವು ವಾರಗಳಾಗಬಹುದು. ವೇಗದ ಕ್ಯಾಮೆರಾ ಅಥವಾ ಝಡ್‌ಟಿಎಲ್‌ನ ದಂಡದ ಪತ್ರ ಇನ್ನೂ ನಿಧಾನ: ಅದು ಮೊದಲು ವಾಹನದ ಒಡೆಯರಿಗೆ ಹೋಗಿ, ಅವರು ಚಾಲಕರ ವಿವರ ಕೊಟ್ಟ ಮೇಲೆ, ತಿಂಗಳುಗಳ ನಂತರ ಬೆಂಗಳೂರಿನ ವಿಳಾಸಕ್ಕೆ ಇಟಾಲಿಯನ್ ಅಥವಾ ಜರ್ಮನ್ ಭಾಷೆಯ ಲಕೋಟೆಯಾಗಿ ಬರುತ್ತದೆ, ಮತ್ತು ವಿವರ ಕೊಟ್ಟದ್ದಕ್ಕೆಂದು ಬಾಡಿಗೆ ಸಂಸ್ಥೆ ಕಾರ್ಡಿನಿಂದ ಬೇರೆಯೇ ಶುಲ್ಕ ಕಡಿದುಕೊಂಡಿರುತ್ತದೆ. ಬೇಗ ಕಟ್ಟಿದವರಿಗೆ ಇಟಲಿಯಲ್ಲಿ ದಂಡದ ಮೊತ್ತ ಕಡಿಮೆಯಾಗುತ್ತದೆ. ಆದ್ದರಿಂದ ಒಪ್ಪಂದ, ಹಸ್ತಾಂತರದ ಹಾಳೆ, ಡೀಸೆಲ್ ರಶೀದಿ, ಟೋಲ್ ಚೀಟಿಗಳು ಮತ್ತು ಎಲ್ಲ ಫೋಟೊಗಳನ್ನು ಒಂದೇ ಕಡೆ ಇಟ್ಟು, ಕನಿಷ್ಠ ಒಂದು ವರ್ಷ ಜೋಪಾನ ಮಾಡಬೇಕು.